ಜಗಲಿ ಹತ್ತಿದ ಎಂಟು ಕತ್ತಿಗಳ ಹೆಂಗಸು

ನನ್ನನ್ನು ಕಟ್ಟಿಹಾಕಿದ್ದಾರೆ ಎಂದು ಹೇಳಿಕೊಂಡು ತಿರುಗುವುದರಲ್ಲಿ ಒಂದು ಸುಖವಿದೆ. ಆ ಸುಖ ಉಂಡವರು ಯಾರೂ ಬಾಯಿಬಿಟ್ಟು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ, ಯಾಕೆಂದರೆ ಈಗ ಒಪ್ಪದೆ ಬೇರೆ ದಾರಿ ಉಳಿದಿಲ್ಲ. ಇಪ್ಪತ್ತೆರಡು ವರ್ಷ ನಾನು ಗಜೇಂದ್ರಗಡದ ಮನೆಯಿಂದ ರೋಣದ ಕಚೇರಿಗೆ, ರೋಣದ ಕಚೇರಿಯಿಂದ ಗಜೇಂದ್ರಗಡದ ಮನೆಗೆ ಬಸ್ಸಿನಲ್ಲಿ ಓಡಾಡಿದ್ದೇನೆ. ಪಕ್ಕದ ಸೀಟಿಗೆ ಯಾರೇ ಬಂದು ಕೂಡಲಿ, ಕಂಡಕ್ಟರು ಟಿಕೆಟು, ಈಗೀಗ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟು, ಹರಿದು ಕೊಡುವಷ್ಟರಲ್ಲಿ ನನ್ನ ಕಷ್ಟದ ಮೊದಲ ಅಧ್ಯಾಯ ಮುಗಿದಿರುತ್ತಿತ್ತು. ಎಪ್ಪತ್ತು ದಾಟಿದ ಅತ್ತೆ, ಬೀಜ-ಗೊಬ್ಬರದ ಅಂಗಡಿಯ ಆಚೆ ಪ್ರಪಂಚವೇ ಇಲ್ಲವೆಂದು ತಿಳಿದ ಗಂಡ, ಧಾರವಾಡದ ಹಾಸ್ಟೆಲಿನಲ್ಲಿ ಕುಳಿತು ದಿನಕ್ಕೆ ಮೂರು ಸಲ ಫೋನು ಮಾಡುವ ಮಗಳು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ನಳದ ನೀರು, ಇವುಗಳ ನಡುವೆ ಒಬ್ಬ ಹೆಂಗಸು ಉಸಿರಾಡುವುದಾದರೂ ಹೇಗೆ ಎಂದು ನಾನು ಕೇಳುತ್ತಿದ್ದೆ. ಪಕ್ಕದವರು ಲೊಚಗುಟ್ಟುತ್ತಿದ್ದರು. ಒಮ್ಮೆ ಸವಡಿಯ ಹೆಂಗಸೊಬ್ಬಳು ನನ್ನ ಕಥೆ ಕೇಳಿ ಕಣ್ಣೀರನ್ನೇ ಹಾಕಿದಳು. ಇಳಿಯುವಾಗ ಗೊತ್ತಾಯಿತು, ಅವಳು ಗಜೇಂದ್ರಗಡದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಊರಿಗೆ ಮರಳುತ್ತಿದ್ದಳು. ಆದರೂ ಆ ಕಣ್ಣೀರನ್ನು ನಾನು ನನ್ನ ಲೆಕ್ಕಕ್ಕೇ ಹಿಡಿದುಕೊಂಡೆ.

ನಮ್ಮದು ಸರ್ಕಾರಿ ಕಚೇರಿ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಬೇಕಾದರೆ ಮೇಲಿನವರ ಪೂರ್ವಾನುಮತಿ ಬೇಕು, ಅನುಮತಿ ಕೇಳುವ ಅರ್ಜಿಯನ್ನು ಮಂಡಿಸಬೇಕಾದವಳೂ ನಾನೇ. ಅಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ಎರಡು ಸಲ ಬಡ್ತಿ ಬಂದಿತ್ತು, ಎರಡು ಸಲವೂ ಒಲ್ಲೆ ಎಂದು ಬರೆದುಕೊಟ್ಟಿದ್ದೆ. ಹಾಗೆ ಬರೆದುಕೊಡುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ವಾಕ್ಯವಿದೆ: "ಕೌಟುಂಬಿಕ ಕಾರಣಗಳಿಂದಾಗಿ ಸದರಿ ಬಡ್ತಿಯನ್ನು ಸ್ವೀಕರಿಸಲು ಅಸಾಧ್ಯವಾಗಿರುತ್ತದೆ." ಈ ಕೌಟುಂಬಿಕ ಕಾರಣ ಎನ್ನುವುದು ಬಹಳ ಅನುಕೂಲದ ಮಾತು. ಯಾವ ಸಾಹೇಬರೂ ಅದು ಯಾವ ಕಾರಣ ಎಂದು ಕೇಳುವುದಿಲ್ಲ, ಯಾವ ಕುಟುಂಬವೂ ಬಂದು ಅಲ್ಲಗಳೆಯುವುದಿಲ್ಲ. ನಾನು ಒಲ್ಲೆ ಎಂದ ಕುರ್ಚಿಗಳಲ್ಲಿ ನನ್ನ ಕೈಕೆಳಗೆ ಟಿಪ್ಪಣಿ ಬರೆಯಲು ಕಲಿತವರು ಹೋಗಿ ಕುಳಿತರು. ಅವರಲ್ಲೊಬ್ಬರು ಈಗಲೂ ಸಿಕ್ಕಾಗ ನಮಸ್ಕಾರ ಮಾಡುತ್ತಾರೆ, ಕುಳಿತಲ್ಲಿಂದಲೇ.

ಈ ವರ್ಷ ಮೂರನೆಯ ಸಲ ಕಾಗದ ಬಂತು. ನರಗುಂದದ ಕಚೇರಿಗೆ ಅಧೀಕ್ಷಕಿಯಾಗಿ. ಗಜೇಂದ್ರಗಡದಿಂದ ನರಗುಂದಕ್ಕೆ ದಿನಾಲು ಹೋಗಿ ಬರುವುದು ಆಗದ ಮಾತು. ಅಲ್ಲೊಂದು ಖೋಲಿ ಹಿಡಿದು ಇರಬೇಕು, ಶನಿವಾರ ಸಂಜೆ ಮನೆಗೆ ಬರಬೇಕು. ಏಳು ದಿನದೊಳಗೆ ಒಪ್ಪಿಗೆ ಅಥವಾ ನಿರಾಕರಣೆ ತಿಳಿಸಬೇಕು. ಸಾಹೇಬರು ಕಾಗದವನ್ನು ನನ್ನ ಮುಂದಿಟ್ಟು, "ಸರೋಜಾ ಬಾಯಾರ, ಇದು ಕಡೀದು. ಈ ಸಲ ಬ್ಯಾಡ ಅಂದ್ರ ಮತ್ತ ನಿಮ್ಮನ್ನ ಯಾರೂ ಕೇಳೂದಿಲ್ಲ. ರಿಟೈರ್ ಆಗೂ ತನಕಾ ಇದ ಟೇಬಲ್ಲು, ಇದ ಕಿಡಕಿ," ಎಂದರು. ನನ್ನ ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿದೆ. ಖರೆ ಹೇಳುತ್ತೇನೆ, ನನಗೆ ಆ ಕುರ್ಚಿ ಬೇಕಾಗಿತ್ತು. ಬಹಳ ಬೇಕಾಗಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಹೊಸ ಸೀರೆ ಬೇಕೆನ್ನಿಸುವುದಿಲ್ಲ, ಬಂಗಾರ ಬೇಕೆನ್ನಿಸುವುದಿಲ್ಲ, ಆದರೆ ಒಂದು ಕಡತದ ಕೊನೆಗೆ ನನ್ನ ಸಹಿಯೇ ಕೊನೆಯ ಸಹಿಯಾಗಿರಬೇಕು ಎಂದು ಆಸೆಯಾಗುತ್ತದೆ. ಆ ಆಸೆಯನ್ನು ಯಾರ ಮುಂದೆಯೂ ಹೇಳಲಿಲ್ಲ. ಬದಲಿಗೆ "ನಮ್ಮನ್ಯಾಗ ಹ್ಯಾಂಗ ಬಿಡ್ತಾರ್ರಿ?" ಎಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರು ಎದುರಿನ ಟೇಬಲ್ಲಿನ ಶೈಲಜಾಳ ಕಿವಿಗೆ ಬಿತ್ತು.

ಶೈಲಜಾ ನಮ್ಮ ಟೈಪಿಸ್ಟು. ಟೈಪಿನ ಯಂತ್ರ ಹೋಗಿ ಕಂಪ್ಯೂಟರು ಬಂದು ಎಷ್ಟೋ ಕಾಲವಾದರೂ ಹುದ್ದೆಯ ಹೆಸರು ಮಾತ್ರ ಹಾಗೇ ಇದೆ. ಅವಳು ಮೊಬೈಲಿನಲ್ಲಿ ಇಪ್ಪತ್ತೊಂದು ದಿನದ ತರಗತಿಗೆ ಕುಳಿತು ಟ್ಯಾರೋ ಎಲೆ ಓದಿ ಭವಿಷ್ಯ ಹೇಳುವ ವಿದ್ಯೆ ಕಲಿತಿದ್ದಾಳೆ. ಬಂಗಾರದ ಅಂಚಿನ ಪ್ರಮಾಣಪತ್ರವನ್ನು ತನ್ನ ಹಿಂದಿನ ಗೋಡೆಗೆ, ರಜಾದಿನಗಳ ಪಟ್ಟಿಯ ಕೆಳಗೆ ಅಂಟಿಸಿಕೊಂಡಿದ್ದಾಳೆ. ಎಲೆಗಳನ್ನು ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಚೀಲದಲ್ಲಿ ಇಡುತ್ತಾಳೆ. ಇಸ್ಪೀಟಿನ ಎಲೆಗಿಂತ ಉದ್ದ, ಒಟ್ಟು ಎಪ್ಪತ್ತೆಂಟು, ಒಂದೊಂದರಲ್ಲೂ ಪರದೇಶದ ರಾಜ, ರಾಣಿ, ಸನ್ಯಾಸಿ, ಅಸ್ಥಿಪಂಜರ. ಊಟದ ಬಿಡುವಿನಲ್ಲಿ ಹಳೆಯ ಕಡತದ ರಟ್ಟಿನ ಮೇಲೆ ಅವನ್ನು ಹರಡಿ, "ಮನಸಿನಾಗ ಒಂದ ಪ್ರಶ್ನಿ ಇಟಗೋರಿ ಅಕ್ಕಾರ, ಬಾಯಿಲೆ ಹೇಳಬ್ಯಾಡ್ರಿ," ಎಂದಳು. ನನ್ನ ಪ್ರಶ್ನೆ ಬೆಳಿಗ್ಗೆಯೇ ಟಪಾಲಿನಲ್ಲಿ ಬಂದು, ಆವಕ ವಹಿಯಲ್ಲಿ ನಂಬರು ಹತ್ತಿಸಿಕೊಂಡು, ಸಿಪಾಯಿಯ ಮೂಲಕ ಇಡೀ ಕಚೇರಿಗೆ ತಿಳಿದಿತ್ತು. ಆದರೂ ಗುಟ್ಟಾಗಿ ಮನಸ್ಸಿನಲ್ಲಿಟ್ಟುಕೊಂಡು ಒಂದು ಎಲೆ ಎತ್ತಿದೆ.

ಎಲೆಯಲ್ಲಿ ಒಬ್ಬ ಹೆಂಗಸು. ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ, ಮೈಗೂ ತೋಳಿಗೂ ಸೇರಿಸಿ ಪಟ್ಟಿ ಸುತ್ತಿದ್ದಾರೆ. ಅವಳ ಎಡಬಲಕ್ಕೆ ನೆಲಕ್ಕೆ ನೆಟ್ಟ ಎಂಟು ಕತ್ತಿಗಳು. ಕಾಲ ಬಳಿ ಕೆಸರು ನೀರು, ಹಿಂದೆ ದೂರದಲ್ಲಿ ಗುಡ್ಡದ ಮೇಲೊಂದು ಕೋಟೆ. ಶೈಲಜಾ ಎಕ್ಸರೇ ಹಿಡಿದ ಡಾಕ್ಟರಂತೆ ಎಲೆಯನ್ನು ಬೆಳಕಿಗೆ ಹಿಡಿದು, "ಇಕಿ ನೀವ, ಅಕ್ಕಾರ," ಎಂದಳು. "ಎಷ್ಟ ತೆಳ್ಳಗ ಅದಾಳಲ್ಲ," ಎಂದೆ. ಅದನ್ನು ಅವಳು ಕೇಳಿಸಿಕೊಳ್ಳಲಿಲ್ಲ. "ನೀವು ಬಂಧನದಾಗ ಅದೀರಿ. ಆದ್ರ ಬಿಡುಗಡಿ ಸೈತ ಇದ ಎಲಿಯೊಳಗ ಐತಿ. ಎಂಟು ಕತ್ತಿ ಅಂದ್ರ ನಿಮ್ಮನ್ನ ತಡದ ನಿಂತಿರೂ ಎಂಟು ಶಕ್ತಿ. ಒಂದೊಂದಕ್ಕ ಹೆಸರ ಕೊಡ್ರಿ. ಹೆಸರ ಕೊಟ್ರ ಅವು ಬೀಳತಾವ."

ಮೊದಲನೆಯ ಕತ್ತಿಗೆ ನಾನು ತಡಮಾಡಲಿಲ್ಲ: ಅತ್ತೆ. ಎರಡನೆಯದು ಅತ್ತೆಯ ಬಿಪಿ ಗುಳಿಗೆ. ಇವೆರಡನ್ನು ಬೇರೆ ಬೇರೆ ಎಣಿಸಬಹುದೇ ಎಂದು ಕೇಳಿದಾಗ ಶೈಲಜಾ ದೊಡ್ಡ ಮನಸ್ಸು ಮಾಡಿ ಒಪ್ಪಿದಳು. ಮೂರನೆಯದು ಗಂಡ. ನಾಲ್ಕನೆಯದು ನಳ. ಅಲ್ಲಿಂದ ಮುಂದೆ ನಾನು ತಿಣುಕತೊಡಗಿದೆ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಪುರಾಣ ಹೇಳಿದವಳಿಗೆ ಎಂಟು ಹೆಸರು ಕೂಡಿಬರಲಿಲ್ಲವೆಂದರೆ ನಾಚಿಕೆಯ ಸಂಗತಿ. ಮಗಳನ್ನು ಸೇರಿಸಿದೆ, ಆಮೇಲೆ ಪಾಪ ಎನಿಸಿ ಅವಳನ್ನು ತೆಗೆದು ಅವಳ ಫೋನನ್ನು ಇಟ್ಟೆ. ನನ್ನ ಮೊಣಕಾಲು ನೋವನ್ನು ಹಾಕಿದೆ. ಹಿತ್ತಲಿನ ಕರಿಬೇವಿನ ಗಿಡಕ್ಕೆ ನೀರು ಹಾಕುವವರಿಲ್ಲ ಎಂದು ಅದನ್ನೂ ಕತ್ತಿ ಮಾಡಿ ನಿಲ್ಲಿಸಿದೆ. ಎಂಟನೆಯದಕ್ಕೆ ಏನೂ ಸಿಗಲಿಲ್ಲ. ಶೈಲಜಾ ಆ ಎಂಟನೆಯ ಕತ್ತಿಯ ಮೇಲೆ ಬೆರಳಿಟ್ಟು, "ಅದು ನೀವ ಇರಬೇಕ್ರಿ ಅಕ್ಕಾರ," ಎಂದಳು, ಮೆತ್ತಗೆ. ಇಪ್ಪತ್ತೊಂದು ದಿನದ ವಿದ್ಯೆಗೆ ಇಷ್ಟು ಸೊಕ್ಕು ಬರಬಾರದು. "ಊಟದ ಹೊತ್ತು ಮುಗೀತು," ಎಂದು ನಾನು ಡಬ್ಬಿ ಮುಚ್ಚಿದೆ. ಅವಳು ಬೇಸರಿಸದೆ, "ಮೂರ ದಿನ ಇಕಿನ್ನ ನಿಮ್ಮ ಹತ್ರ ಇಟಗೋರಿ, ಮುಂಜಾನೆದ್ದು ನೋಡ್ರಿ, ಉತ್ತರ ತಾನ ಬರತೈತಿ," ಎಂದು ಎಲೆಯನ್ನು ನನ್ನ ಚೀಲಕ್ಕೆ ಹಾಕಿದಳು.

ಸಂಜೆ ಮನೆಗೆ ಬಂದ ಕೂಡಲೇ ನನ್ನ ಚೀಲದಿಂದ ಊಟದ ಡಬ್ಬಿ ತೆಗೆದು ತೊಳೆಯಲು ಹಾಕುವುದು ನಮ್ಮ ಅತ್ತೆಯ ಪದ್ಧತಿ. ಬೇಡವೆಂದರೂ ಬಿಡುವವರಲ್ಲ, ಅದನ್ನೂ ನಾನು ಬಂಧನದ ಲೆಕ್ಕದಲ್ಲೇ ಇಟ್ಟಿದ್ದೆ. ಅವತ್ತು ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅವರು ದೇವರ ಜಗಲಿಯ ಮುಂದೆ ನಿಂತು ಎರಡೂ ಕೆನ್ನೆಗೆ ಬೆರಳು ಮುಟ್ಟಿಸಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ಹಿತ್ತಾಳೆಯ ಅನ್ನಪೂರ್ಣೆಗೂ ಯಲ್ಲಮ್ಮನ ಫೋಟೋಕ್ಕೂ ನಡುವೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ನೆತ್ತಿಯ ಮೇಲೊಂದು ದಾಸವಾಳ ಇಟ್ಟುಕೊಂಡು, ನನ್ನ ಎಂಟು ಕತ್ತಿಗಳ ಹೆಂಗಸು ಕುಳಿತಿದ್ದಳು.

"ದ್ಯಾಮವ್ವನ್ನ ಡಬ್ಬಿ ಕೆಳಗ ಇಟಗೊಂಡು ಬರತಾರೇನ, ಸರೋಜಾ? ಶೇಂಗಾ ಚಟ್ನಿ ಎಣ್ಣಿ ಹತ್ತಿತ್ತು. ಹಸಿ ಅರಿವೀಲೆ ಒರಿಸೇನಿ. ತಪ್ಪಾತವಾ ಅಂತ ಕಾಣಿಕಿ ಮುಡಿಪ ಕಟ್ಟು," ಎಂದರು ಅತ್ತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಎಲೆಯನ್ನು ಓದಿ ಮುಗಿಸಿದರು. ಅವರ ತವರು ಮುಶಿಗೇರಿ. ಅಲ್ಲಿ ಅವರು ಸಣ್ಣವರಿದ್ದಾಗ ಗ್ರಾಮದೇವತೆ ದ್ಯಾಮವ್ವನ ಕಟ್ಟಿಗೆಯ ಮೂರ್ತಿಗೆ ಬಣ್ಣ ಮಾಸಿದರೆ ಚಿತ್ರಗಾರರ ಮನೆಗೆ ಕಳಿಸಿ ಹೊಸ ಬಣ್ಣ ಹಾಕಿಸಿ ತರುತ್ತಿದ್ದರಂತೆ. ತರುವಾಗ ಮೈತುಂಬ ಹೊಸ ಸೀರೆ ಸುತ್ತಿ, ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ. "ಹೊಸಾ ಕಣ್ಣು. ದಾರ್ಯಾಗ ಯಾರ ಮ್ಯಾಲರ ದೃಷ್ಟಿ ಬಿದ್ರ ತಡಕೋತಾರೇನ? ಗುಡಿಯೊಳಗ ಕುಂದರಿಸಿದ ಮ್ಯಾಲೆ ಬಿಚ್ಚೂದು. ಇಕಿ ಈಗ ದಾರ್ಯಾಗ ಅದಾಳ. ನೋಡ, ಸುತ್ತ ಆಯುಧ ನೆಟ್ಟಾರ. ಕಾಲ ಹಂತೇಕ ಹಳ್ಳ ಐತಿ. ಹಿಂದ ಕಾಣಸ್ತೈತೆಲ್ಲ, ಅದು ನಮ್ಮ ಗಡದ ಕ್ವಾಟಿ." ನಾನು ಬಗ್ಗಿ ನೋಡಿದೆ. ಇಪ್ಪತ್ತೆರಡು ವರ್ಷ ಬಸ್ ಸ್ಟ್ಯಾಂಡಿನಿಂದ ಆ ಗುಡ್ಡ ನೋಡಿದವಳು ನಾನು. ಅಲ್ಲವೆಂದು ಹೇಳುವ ಧೈರ್ಯ ನನಗೂ ಆಗಲಿಲ್ಲ.

ಆಗಲೇ ನಿಜ ಹೇಳಬೇಕಾಗಿತ್ತು. ಆದರೆ ಹೇಗೆ ಹೇಳುವುದು? ಅತ್ತೀ, ಅದು ದ್ಯಾಮವ್ವ ಅಲ್ಲ, ಅದು ನಾನು, ಅದರ ಮೊದಲನೆಯ ಕತ್ತಿ ನೀವು ಎನ್ನಲೇ? ಸುಮ್ಮನಾದೆ. ಆ ಸುಮ್ಮನಿರುವಿಕೆಗೆ ಮರುದಿನ ಬೆಳಿಗ್ಗೆ ಐದು ಗಂಟೆಗೆ ಶಿಕ್ಷೆ ಶುರುವಾಯಿತು. "ನಿನ್ನ ಚೀಲದಾಗ ಬಂದಾಳ ಅಂದ್ರ ನಿನ್ನ ಕೈಲೇ ಪೂಜಿ ಬೇಕಾಗೇತಿ ಅಕಿಗೆ," ಎಂದು ಅತ್ತೆ ತೀರ್ಪು ಕೊಟ್ಟರು. ಮೊದಲು ಐದೂವರೆಗೆ ಏಳುತ್ತಿದ್ದವಳು ಐದಕ್ಕೆ ಎದ್ದು, ಮಿಂದು, ಹೂ ಕಿತ್ತು, ನನ್ನ ಬಿಡುಗಡೆಯ ಎಲೆಗೆ ಮಂಗಳಾರತಿ ಎತ್ತತೊಡಗಿದೆ. ಮುಂಜಾನೆದ್ದು ನೋಡಿರಿ ಎಂದು ಶೈಲಜಾ ಹೇಳಿದ್ದಳಲ್ಲ, ನೋಡುವುದಂತೂ ತಪ್ಪಲಿಲ್ಲ. ಮೂರನೆಯ ದಿನಕ್ಕೆ ಓಣಿಯ ಹೆಂಗಸರು ಕುಂಕುಮಕ್ಕೆ ಬರಲು ಶುರುಮಾಡಿದರು. ಇದು ಯಾವೂರ ದ್ಯಾಮವ್ವ ಎಂದು ಒಬ್ಬರು ಕೇಳಿದ್ದಕ್ಕೆ ಅತ್ತೆ, "ಇನ್ನಾ ಕಣ್ಣ ಬಿಚ್ಚಿಲ್ಲವಾ, ಊರ ಆಮ್ಯಾಲೆ," ಎಂದು ಕಳಿಸಿದರು. ಹಿಂದಿನ ಮನೆಯಾಕೆ ತನ್ನ ಸೊಸೆ ತವರಿಂದ ಲಗೂ ಬರಲಿ ಎಂದು ಹರಕೆ ಹೊತ್ತಳು. ತಪ್ಪಿಸಿಕೊಂಡು ಹೋದವಳನ್ನು ಹಿಡಿದು ತರಲು ಈ ದೇವಿಯನ್ನೇ ಆರಿಸಿದ್ದಕ್ಕೆ ನನಗೆ ಒಳಗೊಳಗೇ ನಗು ಬಂತು, ಆದರೆ ಆರತಿ ತಟ್ಟೆ ಕೈಯಲ್ಲಿದ್ದುದರಿಂದ ನಗಲಿಲ್ಲ.

ನಮ್ಮ ಮನೆಯವರು ದೇವರ ಮುಂದೆ ನಿಲ್ಲುವುದು ಕಡಿಮೆ. ಅಂಗಡಿಗೆ ಹೊರಡುವಾಗ ಒಂದು ಕೈ ಎತ್ತುತ್ತಾರೆ, ಅದು ನಮಸ್ಕಾರವೋ ಬರುತ್ತೇನೆ ಎಂದು ಹೇಳುವುದೋ ದೇವರಿಗೂ ತಿಳಿಯದು. ಅವತ್ತು ಮಾತ್ರ ನಿಂತು, ಬೀಜದ ಪಾಕೀಟಿನ ಮೇಲಿನ ತಾರೀಖು ನೋಡುವ ಹಾಗೆ ಕನ್ನಡಕ ಮೇಲೆತ್ತಿ ಎಲೆಯನ್ನು ನೋಡಿದರು. "ಮುಂದ ಒಂದೂ ಕತ್ತಿ ಇಲ್ಲಲ್ಲ," ಎಂದರು. "ಕಾಲೂ ಕಟ್ಟಿಲ್ಲ. ಇಕಿ ಸುಮ್ನ ಯಾಕ ನಿಂತಾಳ?"

"ಕಣ್ಣ ಕಟ್ಟ್ಯಾರಲ್ರಿ," ಎಂದೆ, ತುಸು ಬಿಸಿಯಾಗಿ.

"ಕಾಲಿಗೇನಾಗೇತಿ? ತಡವಿಕೋತ ತಡವಿಕೋತ ಹೋಗಬಹುದು," ಎಂದು ಅವರು ಚಪ್ಪಲಿ ಮೆಟ್ಟಿ ಹೋದರು. ಶೈಲಜಾ ಇಪ್ಪತ್ತು ನಿಮಿಷ ತೆಗೆದುಕೊಂಡು ತಲುಪಿದ ಜಾಗಕ್ಕೆ ಈ ಮನುಷ್ಯ ಒಂದು ನಿಮಿಷದಲ್ಲಿ ಬಂದು, ಬಂದದ್ದು ಗೊತ್ತೇ ಇಲ್ಲದೆ ಗೊಬ್ಬರ ಮಾರಲು ಹೋದರು. ಅವತ್ತು ಅಂಗಡಿಗೆ ಕಳಿಸಿದ ಅವರ ಬುತ್ತಿಯ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು. ಅದು ಅಕಸ್ಮಾತ್ತಾಗಿ ಆದದ್ದು. ಬೇರೆ ಏನನ್ನೂ ಯಾರೂ ಸಾಬೀತುಪಡಿಸಲಾರರು.

ಇತ್ತ ಕಚೇರಿಯಲ್ಲಿ ಬೇರೆಯೇ ಸಮಸ್ಯೆ. ಒಂದು ಎಲೆ ನಮ್ಮ ಜಗಲಿಯ ಮೇಲಿದ್ದುದರಿಂದ ಶೈಲಜಾಳ ಬಳಿ ಎಪ್ಪತ್ತೇಳೇ ಉಳಿದಿದ್ದವು. ಆ ವಾರ ನಮ್ಮ ಕಚೇರಿಯಲ್ಲಿ ಯಾರೊಬ್ಬರೂ ಬಂಧನದಲ್ಲಿರಲಿಲ್ಲ. ಎಲ್ಲರಿಗೂ ಬರೀ ಪ್ರಯಾಣ, ಪಟ್ಟಾಭಿಷೇಕ, ಪ್ರೇಮ. ನಿವೃತ್ತಿಗೆ ನಾಲ್ಕು ತಿಂಗಳಿರುವ ದ್ವಿತೀಯ ದರ್ಜೆಯ ಗುಮಾಸ್ತರಿಗೆ ಪ್ರೇಮಿಗಳ ಎಲೆ ಎರಡು ದಿನ ಮೇಲಿಂದ ಮೇಲೆ ಬಂದು, ಅವರು ಮೂರನೆಯ ದಿನ ಹೊಸ ಅಂಗಿ ತೊಟ್ಟು ಬಂದರು. "ಹಿಂಗಾದ್ರ ನನ್ನ ವಿದ್ಯಾಕ್ಕ ಮರ್ಯಾದಿ ಏನ ಉಳೀತೈತ್ರಿ ಅಕ್ಕಾರ? ಮೂರ ದಿನಾ ಅಂದಿದ್ದೆ, ಐದಾತು. ನಾಳೆ ತರ್ರಿ," ಎಂದಳು ಶೈಲಜಾ. ತರುತ್ತೇನೆ ಎಂದೆ. ಜಗಲಿ ಹತ್ತಿದ ದೇವರನ್ನು ಇಳಿಸುವುದು ಎಷ್ಟು ಕಷ್ಟ ಎಂಬುದು ಮೊಬೈಲಿನಲ್ಲಿ ವಿದ್ಯೆ ಕಲಿತವರಿಗೆ ಹೇಗೆ ತಿಳಿಯಬೇಕು?

ಆರನೆಯ ದಿನ ಬೆಳಿಗ್ಗೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಮಡಿಲಲ್ಲಿ ರಟ್ಟಿಟ್ಟುಕೊಂಡು, ನನ್ನ ಮೂರನೆಯ ನಿರಾಕರಣೆ ಬರೆಯುತ್ತಿದ್ದೆ. ಕೌಟುಂಬಿಕ ಎನ್ನುವ ಶಬ್ದದವರೆಗೆ ಬಂದಿದ್ದೆ. ಕಾರಣ ಎದುರಿಗೇ ಕುಳಿತು ಮೆಂತ್ಯಪಲ್ಯ ಸೋಸುತ್ತಿತ್ತು. ಬರೆಯುತ್ತಲೇ, "ಅತ್ತೀ, ಆ ದೇವಿ ನಮ್ಮ ಶೈಲಜಾನ ಮನೀದು. ಹೊಳ್ಳಿ ಕೊಡಬೇಕ್ರಿ," ಎಂದೆ. ಅರ್ಧ ನಿಜವನ್ನಾದರೂ ಹೇಳಿದ ಸಮಾಧಾನ. ಅವರು ಹೌಹಾರಲಿಲ್ಲ. "ಕಳಸೂನು. ಉಡಿ ತುಂಬಿ ಕಳಸೂನು. ಬಂದಾಕಿ ಹೋಗಬೇಕಲ್ಲ," ಎಂದರು. ನಾಲ್ಕು ಎಲೆ ಸೋಸಿ, "ಮತ್ತ ನೀ?" ಎಂದು ಕೇಳಿದರು.

"ನಾ ಎಲ್ಲಿಗ್ರಿ?"

"ನರಗುಂದಕ್ಕ ಬಾ ಅಂತ ಕಾಗದ ಬಂದೈತೆಲ್ಲ."

ನನ್ನ ಕೈಯ ಪೆನ್ನು ನಿಂತಿತು. ಕಚೇರಿಯ ಸಿಪಾಯಿ ಗೊಬ್ಬರಕ್ಕೆಂದು ನಮ್ಮ ಅಂಗಡಿಗೆ ಹೋದಾಗ ನಮ್ಮ ಮನೆಯವರಿಗೆ ಹೇಳಿದ್ದ, ಅವರು ಊಟಕ್ಕೆ ಕುಳಿತಾಗ ತಾಯಿಗೆ ಹೇಳಿದ್ದರು. ನಾನು ಒಬ್ಬಳೇ ಗುಟ್ಟು ಕಾಯುತ್ತ ಕುಳಿತಿದ್ದೆ. ಅಷ್ಟೇ ಅಲ್ಲ, ಹಿಂದಿನ ಎರಡು ಕಾಗದಗಳೂ ಅತ್ತೆಗೆ ಗೊತ್ತಿದ್ದವು. "ಎರಡ ಸಲ ಬ್ಯಾಡ ಅಂತ ಬರದ ಕೊಟ್ಟಿ. ಯಾಕ ಅಂತ ನಾ ಕೇಳಲಿಲ್ಲ. ಹೊಸಾ ಊರಂದ್ರ ಹೆದರಿಕಿ ಇರಬೇಕು ಹುಡುಗಿಗೆ ಅಂತ ಸುಮ್ಮನಾದೆ. ಈ ಸಲ ಹೋಗು. ಯಾರ ಹಿಡದಾರ ನಿನ್ನ?"

ಹೆದರಿಕೆ! ಹುಡುಗಿ! ಐವತ್ತೆರಡು ವರ್ಷದ ನನ್ನ ಮುಖಕ್ಕೆ ರಕ್ತ ನುಗ್ಗಿತು. ಇಪ್ಪತ್ತೆರಡು ವರ್ಷ ಯಾರು ಬಿಡುವುದಿಲ್ಲವೆಂದು ಊರೆಲ್ಲ ಹೇಳಿಕೊಂಡು ಬಂದೆನೋ ಅವರು ಮೆಂತ್ಯದ ಕಡ್ಡಿ ಮುರಿಯುತ್ತ ಹೋಗು ಎಂದುಬಿಟ್ಟರೆ ಆಗುವ ಅವಮಾನ ಸಣ್ಣದಲ್ಲ. ಅವರು ಒಂದು ಸಲವಾದರೂ ಅಡ್ಡ ಮಲಗಬೇಕಾಗಿತ್ತು, ಊಟ ಬಿಡಬೇಕಾಗಿತ್ತು, ಇದ್ಯಾವ ಮನೆತನ ಎಂದು ಕೂಗಾಡಬೇಕಾಗಿತ್ತು. ಏನೂ ಮಾಡಲಿಲ್ಲ. ಆ ಹೊಸ್ತಿಲಲ್ಲಿ ಕುಳಿತು ನಾನು ಮೊದಲ ಸಲ ನನ್ನ ಭಯವನ್ನು ನೇರ ನೋಡಿದೆ. ಅಧೀಕ್ಷಕಿಯ ಕುರ್ಚಿಯಲ್ಲಿ ಕುಳಿತು ಒಂದು ಕಡತ ತಪ್ಪಿದರೆ ಬೊಟ್ಟು ಮಾಡಲು ಮೇಲೆ ಯಾರೂ ಇರುವುದಿಲ್ಲ. ಬಾಡಿಗೆಯ ಖೋಲಿಯಲ್ಲಿ ಸಂಜೆ ಆರಕ್ಕೆ ಬಾಗಿಲು ತೆರೆದರೆ ಒಳಗಿನಿಂದ ಯಾರೂ ಡಬ್ಬಿ ಕೇಳುವುದಿಲ್ಲ. ನಾನು ಹೆದರಿದ್ದೆ. ಬಹಳ ವರ್ಷದಿಂದ ಹೆದರಿದ್ದೆ, ಮತ್ತು ಹೆದರಿಕೆಗೆ ಅತ್ತೆಯ ಸೀರೆ ಉಡಿಸಿ ಬಸ್ಸಿನಲ್ಲಿ ಕೂರಿಸಿಕೊಂಡು ತಿರುಗಿದ್ದೆ.

ಬರೆದಿದ್ದನ್ನು ಹರಿದೆ. ಒಪ್ಪಿಗೆ ಪತ್ರ ಬರೆಯಲು ಕುಳಿತರೆ ಅದಕ್ಕೊಂದು ಸಿದ್ಧ ವಾಕ್ಯವೇ ನನಗೆ ಗೊತ್ತಿರಲಿಲ್ಲ. ಅಂತೂ "ಸದರಿ ಬಡ್ತಿಯನ್ನು ಒಪ್ಪಿರುತ್ತೇನೆ" ಎಂದು ಒಂದೇ ಸಾಲು ಬರೆದು, ಏನೋ ಬಿಟ್ಟುಹೋಯಿತೇ ಎಂದು ನಾಲ್ಕು ಸಲ ತಿರುಗಿಸಿ ನೋಡಿ, ಸಾಹೇಬರ ಟೇಬಲ್ಲಿನ ಮೇಲಿಟ್ಟೆ. ದೇವರ ಜಗಲಿಯ ಹೆಂಗಸಿಗೆ ಖಣ, ಅಕ್ಕಿ, ಒಣಕೊಬ್ಬರಿ ಬಟ್ಟಲು ಸಮೇತ ಬೀಳ್ಕೊಡುಗೆಯಾಯಿತು. ಅರಿಷಿಣದ ಕಲೆಯಿಂದಾಗಿ ಆ ಎಲೆ ಈಗ ಹಿಂಬದಿಯಿಂದಲೇ ಗುರುತು ಸಿಗುತ್ತದೆ, ಹಾಗಾಗಿ ಕಚೇರಿಯಲ್ಲಿ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಶೈಲಜಾ ಮಾತ್ರ ನನ್ನ ಬಡ್ತಿಯನ್ನು ತನ್ನ ವಿದ್ಯೆಯ ಖಾತೆಗೆ ಹಾಕಿಕೊಂಡು, ಕಂಡವರಿಗೆಲ್ಲ ಹೇಳತೊಡಗಿದಳು.

ನಾನೇನು ಕಡಿಮೆಯೇ? ಆ ವಾರದ ಉಳಿದ ದಿನಗಳಲ್ಲಿ ಬಸ್ಸಿನ ಪಕ್ಕದ ಸೀಟಿನವರಿಗೆ ಹೊಸ ಪುರಾಣ ಶುರುವಾಯಿತು. ಹೆಣ್ಣುಮಕ್ಕಳು ಧೈರ್ಯ ಮಾಡಬೇಕು. ಮನೆ ಮನೆ ಎಂದು ಎಷ್ಟು ದಿನ ಕೂಡುವುದು? ನಾವು ಹೆಜ್ಜೆ ಎತ್ತಿದರೆ ತಡೆದವರೇ ದಾರಿ ಬಿಡುತ್ತಾರೆ, ನಮ್ಮತ್ತೆಯಂಥವರೇ ಬಿಟ್ಟರು, ನಿಮ್ಮದೇನು? ಮನೆಯಿಂದ ಹೊರಬೀಳಲು ವಯಸ್ಸು ಅಡ್ಡ ಬರಬಾರದು. ಹೀಗೆಲ್ಲ ಹೇಳುತ್ತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕಿವಿಗೆ ತಂತಿ ಸಿಕ್ಕಿಸಿಕೊಂಡಳು. ಅತ್ತೆ ಬದಲಾದದ್ದು ನನ್ನ ಸಹವಾಸದಿಂದಲೇ ಎಂದು ನಾನು ಆಗಲೇ ತೀರ್ಮಾನಿಸಿಯಾಗಿತ್ತು.

ರವಿವಾರ ಬೆಳಿಗ್ಗೆ ನರಗುಂದಕ್ಕೆ ಹೊರಟೆ. ಹಾಸಿಗೆ ಸುತ್ತಿಟ್ಟೆ, ಸ್ಟೋವು ಕಟ್ಟಿದೆ. ನಳ, ಹಾಲು, ಗುಳಿಗೆ, ಕರಿಬೇವು ಎಲ್ಲದರ ವಿವರ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನಮ್ಮ ಮನೆಯವರು ಅದನ್ನು ಓದಿ, "ಇದರಾಗ ನನ್ನ ಹೆಸರ ಎಲ್ಲೂ ಇಲ್ಲಲ್ಲ," ಎಂದರು. ನಿಜ, ಪ್ರತಿ ಸಾಲಿನ ಮುಂದೆಯೂ ಅತ್ತೆ ಎಂದೇ ಬರೆದಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಇಳಕಲ್ಲ ಸೀರೆ ಉಟ್ಟಿದ್ದರು, ಎಣ್ಣೆ ಹಚ್ಚಿ ತುರುಬು ಕಟ್ಟಿದ್ದರು, ಕೈಯಲ್ಲಿ ಹೊಟ್ಟೆ ಉಬ್ಬಿದ ಬಟ್ಟೆಯ ಚೀಲ. ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬರುತ್ತಾರೆಂದು ನನಗೆ ಕಣ್ಣು ತುಂಬಿ ಬಂತು.

"ಬಿಸಲಾಗ ನೀವ್ಯಾಕ ಬರ್ತೀರಿ ಅತ್ತೀ?"

"ನಾ ಲಕ್ಕಲಕಟ್ಟಿಗೆ ಹೊಂಟೇನಿ. ತಂಗಿ ಮನಿಗೆ."

"ಯಾವಾಗ ಬರ್ತೀರಿ?"

"ನೋಡೂನು," ಎಂದರು. ಅವರ ದನಿಯಲ್ಲಿ ಒಂದು ಹುರುಪಿತ್ತು, ಅದನ್ನು ನಾನು ಮೊದಲೆಂದೂ ಕೇಳಿರಲಿಲ್ಲ. "ಸೊಸಿ ದಿನಾ ದುಡದು ದಣದು ಬರ್ತಾಳ, ಬರೂ ಹೊತ್ತಿಗೆ ಮನ್ಯಾಗ ಒಬ್ರು ಬೇಕಲ್ಲ ಅಂತ ಇಪ್ಪತ್ತೆರಡ ವರ್ಷ ಈ ಬಾಗಲಾ ಬಿಟ್ಟ ಕದಲಲಿಲ್ಲ. ಬಾ ಬಾ ಅಂತ ಕರಕೋತ ತಂಗಿಗೂ ವಯಸ್ಸಾತು. ಎರಡ ಸಲ ನಿನಗ ಕಾಗದ ಬಂದಾಗ ಈ ಚೀಲಾ ತುಂಬಿ ಇಟ್ಟಿದ್ದೆ. ನೀ ಒಲ್ಲೆ ಅಂದಿ. ತಗದ ಮತ್ತ ಗೂಟಕ್ಕ ಹಾಕಿದೆ. ಈಗ ನೀ ಹೊಂಟಿ. ಅವಗ ಖಾನಾವಳಿ ಐತಿ, ಅಂಗಡಿ ಐತಿ. ಇನ್ನ ನಂದೇನೈತಿ ಇಲ್ಲೆ?"

ಆ ಕ್ಷಣ ನಾನು ಏನು ಹೇಳಬೇಕಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಅಷ್ಟೂ ದಿನ ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಹೇಳಿಕೊಂಡು ಬಂದಿದ್ದೆ. ಹೋಗಿಬರ್ರಿ ಎನ್ನಬೇಕಾಗಿತ್ತು, ಕಾಲು ಮುಟ್ಟಿ ಚೀಲ ಹಿಡಿಯಬೇಕಾಗಿತ್ತು, ಎರಡು ಸಲ ನಿಮ್ಮ ಚೀಲ ಇಳಿಸಿದೆ, ತಪ್ಪಾಯಿತು ಎನ್ನಬೇಕಾಗಿತ್ತು. ಆದರೆ ನನ್ನ ಕಣ್ಣು ಗೋಡೆಯ ಮೇಲಿನ ಹಾಳೆಯತ್ತ ಹೋಯಿತು, ಬಾಯಿ ತಾನಾಗಿ ತೆರೆದುಕೊಂಡಿತು. "ನೀವೂ ಹೋದ್ರ ಮನಿ ಯಾರ ನೋಡ್ಕೋಬೇಕ್ರಿ? ಈ ವಯಸ್ಸಿನಾಗ ಮನಿ ಬಿಟ್ಟ ತಿರಗೂದು ಶೋಭಾ ಐತೇನ್ರಿ?" ಎಂದೆ.

ಅತ್ತೆ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಹಾಕುವ ಮೊದಲು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಮರೆತುಹೋದ ಯಾರದೋ ಗುರುತು ಹತ್ತಿದವರ ಹಾಗೆ ನೋಡಿದರು.

"ಇದ ಮಾತು ನನಗ ನಮ್ಮತ್ತಿ ಅಂತಿದ್ಲು," ಎಂದರು. "ಅಕಿ ಭಾಳ ಕೆಟ್ಟಾಕಿ ಇದ್ಲವಾ."

ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು ಅವರು ಮೆಟ್ಟಿಲಿಳಿದರು.